ಘಾಟಿ ಇಳಿಯುವ ಮುನ್ನ ಹಾಸನದಲ್ಲಿ ಅರ್ಧ ದಿನ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು

ಬೆಂಗಳೂರಿನಿಂದ ಮುಂಜಾನೆ ಆರಕ್ಕೆ ಕಾರು ಹತ್ತಿದವರು ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣಗಳನ್ನು ದಾಟಿ, ನಡುವೆ ತಿಂಡಿಗೆ ನಿಂತು, ಹತ್ತು ಗಂಟೆಯ ಹೊತ್ತಿಗೆ ಹಾಸನ ಸೇರುತ್ತಾರೆ. ಬಂದ ದಾರಿ ಸುಮಾರು 185 ಕಿ.ಮೀ.; ಮಂಗಳೂರಿಗೆ ಹೋಗುವವರಾದರೆ ಹೆಚ್ಚುಕಡಿಮೆ ಅಷ್ಟೇ ದಾರಿ ಇನ್ನೂ ಬಾಕಿ, ಅದರ ಮಧ್ಯೆ ಶಿರಾಡಿ ಘಾಟಿ. ನೇರ ರೈಲುಮಾರ್ಗ 2017ರಲ್ಲಿ ತೆರೆದ ಮೇಲೆ ರೈಲಿನಲ್ಲಿ ಇಲ್ಲಿಯವರೆಗೆ ಬಂದು, ಇಲ್ಲಿಂದ ಬಾಡಿಗೆ ಕಾರು ಹಿಡಿದು ಮಲೆನಾಡು ಸುತ್ತಲು ಹೊರಡುವವರೂ ಹೆಚ್ಚಾಗಿದ್ದಾರೆ. ಇಬ್ಬರ ಕೈಯಲ್ಲೂ ಇರುವುದು ನಾಲ್ಕೈದು ಗಂಟೆಯ ಬಿಡುವು. ಅಷ್ಟರಲ್ಲಿ ಬೇಲೂರು ನೋಡುವುದೋ, ಹಳೇಬೀಡು ನೋಡುವುದೋ, ಊರಿನಲ್ಲೇ ಊಟ ಮುಗಿಸಿ ದಣಿವಾರಿಸಿಕೊಳ್ಳುವುದೋ ಎಂಬ ಪ್ರಶ್ನೆಯನ್ನು ಹಾಸನದವನಾದ ನನಗೆ ನೆಂಟರು, ಸ್ನೇಹಿತರು ವರ್ಷವಿಡೀ ಕೇಳುತ್ತಿರುತ್ತಾರೆ.

ನಾನು ಮೊದಮೊದಲು ಕೊಡುತ್ತಿದ್ದ ಉತ್ತರ ತಪ್ಪಾಗಿತ್ತು. ಬೇಲೂರು, ಹಳೇಬೀಡು ಎರಡೂ ಅಕ್ಕಪಕ್ಕದಲ್ಲೇ ಇವೆ, ಎರಡನ್ನೂ ನೋಡಿಕೊಂಡೇ ಹೋಗಿ ಎನ್ನುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳ ಜೊತೆ ಧರ್ಮಸ್ಥಳಕ್ಕೆ ಹೊರಟಾಗ ನಾನೇ ಮುಂದೆ ನಿಂತು ಎರಡನ್ನೂ ತೋರಿಸಿದೆ. ಹಾಸನಕ್ಕೆ ಮರಳಿ, ಸಕಲೇಶಪುರ ದಾಟುವಷ್ಟರಲ್ಲಿ ಏಳು ಗಂಟೆಯಾಗಿತ್ತು. ಘಾಟಿಯಲ್ಲಿ ಮಳೆ, ಮಂಜು, ಎದುರಿನಿಂದ ಲಾರಿಗಳ ಸಾಲು. ವೈಪರ್ ಎಷ್ಟು ವೇಗವಾಗಿ ಓಡಿದರೂ ರಸ್ತೆಯ ಅಂಚಿನ ಬಿಳಿಗೆರೆ ಕಾಣಿಸುತ್ತಿರಲಿಲ್ಲ. ತಿರುವುಗಳಿಗೆ ಚಿಕ್ಕವಳು ವಾಂತಿ ಮಾಡಿಕೊಳ್ಳತೊಡಗಿದಳು. ಅಕ್ಕ ಅವಳ ಹಣೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಗುಂಡ್ಯ ತಲುಪುವವರೆಗೆ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಆ ಸಂಜೆ ನೋಡಿದ ಶಿಲ್ಪಗಳಲ್ಲಿ ಒಂದೂ ಆ ಮಕ್ಕಳಿಗೆ ಇಂದು ನೆನಪಿಲ್ಲ; ಆ ಘಾಟಿ ಮಾತ್ರ ನೆನಪಿದೆ. ಅಂದಿನಿಂದ ನಾನು ಯಾರಿಗಾದರೂ ಜಾಗದ ಹೆಸರು ಹೇಳುವ ಮೊದಲು, ಮುಂದೆ ಯಾವ ದಾರಿ ಹಿಡಿಯುತ್ತೀರಿ ಎಂದು ಕೇಳುತ್ತೇನೆ.

ಮೊದಲು ಮುಂದಿನ ದಾರಿ ತೀರ್ಮಾನವಾಗಲಿ

ಹಾಸನದಿಂದ ಪ್ರವಾಸಿಗರು ಹಿಡಿಯುವ ದಾರಿಗಳು ಮುಖ್ಯವಾಗಿ ಮೂರು. ಪಶ್ಚಿಮಕ್ಕೆ ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರು ಅಥವಾ ಸುಬ್ರಹ್ಮಣ್ಯ. ವಾಯವ್ಯಕ್ಕೆ ಬೇಲೂರಿನ ಮೂಲಕ ಚಿಕ್ಕಮಗಳೂರು, ಇಲ್ಲವೇ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ. ದಕ್ಷಿಣಕ್ಕೆ ಗೊರೂರು, ಅರಕಲಗೂಡಿನ ಮೂಲಕ ಕೊಡಗು. ಹಾಸನ ಜಿಲ್ಲೆಯ ಹೆಸರಾಂತ ಸ್ಥಳಗಳು ಈ ಮೂರು ದಾರಿಗಳ ಮೇಲೆ ಹಂಚಿಹೋಗಿವೆ. ಹೋಗುವ ದಾರಿಯಲ್ಲೇ ಸಿಗುವ ಸ್ಥಳವನ್ನು ನೋಡಿದರೆ ಖರ್ಚಾಗುವುದು ಅಲ್ಲಿ ಕಳೆದ ಸಮಯವಷ್ಟೇ; ಬೇರೆ ದಿಕ್ಕಿನ ಸ್ಥಳಕ್ಕೆ ಹೋಗಿ ಮರಳಿದರೆ ರಸ್ತೆಯ ಮೇಲೆ ಎರಡು ಗಂಟೆ ಸುಮ್ಮನೆ ಕಳೆಯುತ್ತದೆ.

ಲೆಕ್ಕ ಸರಳವಾಗಿದೆ. ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿ.ಮೀ., ಅಲ್ಲಿಂದ ಬೇಲೂರಿಗೆ 16 ಕಿ.ಮೀ., ಬೇಲೂರಿನಿಂದ ಹಾಸನಕ್ಕೆ ಮತ್ತೆ 40 ಕಿ.ಮೀ.ಯ ಆಸುಪಾಸು. ಒಟ್ಟು 85 ಕಿ.ಮೀ. ಓಡಾಟಕ್ಕೆ ಎರಡು ಗಂಟೆ ಮೀರುತ್ತದೆ. ಎರಡು ದೇವಾಲಯಗಳಿಗೆ ಕನಿಷ್ಠ ಒಂದೂವರೆ ಗಂಟೆಯಂತೆ ಮೂರು ಗಂಟೆ. ಊಟಕ್ಕೆ ಮುಕ್ಕಾಲು ಗಂಟೆ. ಹತ್ತಕ್ಕೆ ಹೊರಟರೂ ಹಾಸನಕ್ಕೆ ಮರಳುವಾಗ ನಾಲ್ಕು ಗಂಟೆ. ಶಿರಾಡಿ ಇಳಿಯುವವರಿಗೆ ಇದು ತಡ. ಬೇಲೂರಿನಿಂದ ಕಾಫಿ ತೋಟಗಳ ನಡುವೆ ನೇರವಾಗಿ ಸಕಲೇಶಪುರಕ್ಕೆ ಹೋಗುವ ರಸ್ತೆಯೊಂದಿದೆ ಎಂದು ಕೆಲವರು ಹೇಳುತ್ತಾರೆ, ಅದು ನಿಜ. ಆದರೆ ಅದು ತಿರುವುಗಳ, ಕಿರಿದಾದ ದಾರಿಯಾದ್ದರಿಂದ ಮಳೆಗಾಲದಲ್ಲಿ ಅದರಿಂದ ಸಮಯವೇನೂ ಉಳಿಯುವುದಿಲ್ಲ.

ಬೇಲೂರು, ಹಳೇಬೀಡುಗಳಲ್ಲಿ ಒಂದೇ ಎಂದಾದರೆ

ಚಿಕ್ಕಮಗಳೂರಿಗೋ ಚಾರ್ಮಾಡಿಗೋ ಹೋಗುವವರಿಗೆ ಬೇಲೂರು ದಾರಿಯ ಮೇಲೇ ಇದೆ. ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿ.ಮೀ. ಮಾತ್ರ. ಅಂಥವರು ಹಾಸನದಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋದರೆ ಹೆಚ್ಚುವರಿ ದೂರ ಹತ್ತು ಕಿ.ಮೀ.ಗಿಂತ ಕಡಿಮೆ. ಆದ್ದರಿಂದ ಎರಡನ್ನೂ ನೋಡುವ ಅವಕಾಶ ಅವರಿಗೆ ನಿಜವಾಗಿಯೂ ಇದೆ. ಉಳಿದವರು ಒಂದನ್ನು ಆರಿಸಿಕೊಳ್ಳಬೇಕು. ಇವೆರಡೂ ಸೋಮನಾಥಪುರದ ಜೊತೆಗೆ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಿರಿಮೆಯಲ್ಲಿ ಹೆಚ್ಚುಕಡಿಮೆ ಹುಡುಕುವುದು ಸರಿಯಲ್ಲ. ನೋಡುವವನ ಮನೋಧರ್ಮಕ್ಕೆ, ಅವನ ಬಳಿ ಇರುವ ಹೊತ್ತಿಗೆ ಯಾವುದು ಹೊಂದುತ್ತದೆ ಎಂಬುದನ್ನು ಮಾತ್ರ ಹೋಲಿಸಬಹುದು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದನು. ಚೋಳರಿಂದ ತಲಕಾಡನ್ನು ಗೆದ್ದ ಬೆನ್ನಿಗೇ ನಡೆದ ಕೆಲಸವಿದು. ಇಂದಿಗೂ ಪೂಜೆ, ನೈವೇದ್ಯ, ರಥೋತ್ಸವಗಳು ನಡೆಯುತ್ತಿರುವ ಗುಡಿಯಾದ್ದರಿಂದ ಅಲ್ಲಿ ಘಂಟೆಯ ಸದ್ದಿದೆ, ತುಳಸಿಯ ವಾಸನೆಯಿದೆ, ಮಧ್ಯಾಹ್ನ ಸ್ವಲ್ಪ ಹೊತ್ತು ಗರ್ಭಗುಡಿಯ ಬಾಗಿಲು ಮುಚ್ಚುವ ನಿಯಮವೂ ಇದೆ. ಹೊರಗೋಡೆಯ ಮೇಲೆ, ಸೂರಿನಡಿಯಲ್ಲಿ ಓರೆಯಾಗಿ ನಿಲ್ಲಿಸಿದ ಮದನಿಕೆಯರೇ ಇಲ್ಲಿನ ಕೇಂದ್ರ. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಸೀರೆಯ ಸೆರಗನ್ನು ಎಳೆಯುತ್ತಿರುವ ಕೋತಿಯನ್ನು ಗದರಿಸುವವಳು, ಬೇಟೆಗೆ ಹೊರಟವಳು: ಒಬ್ಬೊಬ್ಬರ ಮುಂದೆಯೂ ಎರಡು ನಿಮಿಷ ನಿಂತರೂ ಹೊರಗೊಂದು ಸುತ್ತು ಬರಲು ಒಂದು ಗಂಟೆ ಬೇಕು. ಕತ್ತೆತ್ತಿ ನೋಡುವ ಕೆಲಸವಿದು. ಕುತ್ತಿಗೆ ನೋವಿರುವ ಹಿರಿಯರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಮದನಿಕೆಯರನ್ನು ನೋಡುವಾಗ ಮುಖಕ್ಕಿಂತ ಆಭರಣಗಳನ್ನು ಗಮನಿಸಿ. ಹಾರವು ಎದೆಯಿಂದ ಬಿಟ್ಟು ತೂಗುವಂತೆ, ಅದರ ಹಿಂದೆ ನೆರಳು ಬೀಳುವಂತೆ ಕಲ್ಲನ್ನು ಒಳಗಿನಿಂದ ಕೆತ್ತಿ ತೆಗೆದಿದ್ದಾರೆ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಬಳಪದ ಕಲ್ಲನ್ನು ಆರಿಸಿಕೊಂಡದ್ದರಿಂದಲೇ ಇದು ಸಾಧ್ಯವಾಯಿತು. ದಾಸೋಜ, ಚಾವಣರಂಥ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದಿದ್ದಾರೆ; ಅವರು ಬಳ್ಳಿಗಾವೆಯವರು. ಅಕ್ಷರ ಓದಬಲ್ಲ ಮಕ್ಕಳು ಜೊತೆಗಿದ್ದರೆ ಆ ಹೆಸರುಗಳನ್ನು ಹುಡುಕಲು ಹಚ್ಚಿ. ಹಳಗನ್ನಡ ಲಿಪಿ ಪೂರ್ತಿ ಬಿಡಿಸಿ ಓದಲಾಗದಿದ್ದರೂ ಅವರು ಗೋಡೆಯನ್ನು ಬಿಟ್ಟು ಕದಲುವುದಿಲ್ಲ.

ಹಳೇಬೀಡು ಇದಕ್ಕಿಂತ ಬೇರೆ ಲೋಕ. ಹೊಯ್ಸಳರ ರಾಜಧಾನಿ ದ್ವಾರಸಮುದ್ರವಿದು. 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ತುತ್ತಾದ ಊರು. ಇಲ್ಲಿನ ಹೊಯ್ಸಳೇಶ್ವರ ದೇವಾಲಯಕ್ಕೆ ಎರಡು ಗರ್ಭಗುಡಿಗಳು, ಪ್ರತಿಯೊಂದಕ್ಕೂ ಎದುರಾಗಿ ಒಂದೊಂದು ನಂದಿಮಂಟಪ. ಬೇಲೂರಿನಷ್ಟು ಪೂಜೆಯ ಗದ್ದಲ ಇಲ್ಲಿಲ್ಲ. ಸುತ್ತ ಹುಲ್ಲುಹಾಸು, ಪಕ್ಕದಲ್ಲಿ ಕೆರೆ. ಹೊರಗೋಡೆಯ ತಳದಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಮಕರ, ಹಂಸಗಳ ಪಟ್ಟಿಕೆಗಳು ಒಂದರ ಮೇಲೊಂದು ಓಡುತ್ತವೆ. ಕಥೆಗಳ ಪಟ್ಟಿಕೆ ಕಣ್ಣಿನ ಮಟ್ಟಕ್ಕೆ ಹತ್ತಿರದಲ್ಲಿರುವುದರಿಂದ ರಾಮಾಯಣ, ಮಹಾಭಾರತಗಳನ್ನು ಕತ್ತು ನೋಯಿಸಿಕೊಳ್ಳದೆ ಓದಿಕೊಂಡು ಹೋಗಬಹುದು. ಅದರ ಮೇಲಿನ ಸಾಲಿನಲ್ಲಿ ಕೈಲಾಸವನ್ನೆತ್ತುವ ರಾವಣ, ನರ್ತಿಸುವ ಗಣಪತಿ ಮೊದಲಾದ ದೊಡ್ಡ ಮೂರ್ತಿಗಳಿವೆ. ದೇವಾಲಯವು ಪೂರ್ವಾಭಿಮುಖವಾಗಿದ್ದು ಶಿಲ್ಪಗಳ ಸಂಪತ್ತು ಪಶ್ಚಿಮದ ಗೋಡೆಯ ಮೇಲೆ ತುಂಬಿಕೊಂಡಿರುವುದರಿಂದ ಮಧ್ಯಾಹ್ನ ಮೂರರ ಮೇಲಿನ ಓರೆಬಿಸಿಲಿನಲ್ಲಿ ಅವು ಎದ್ದು ಕಾಣುತ್ತವೆ. ಬೆಳಿಗ್ಗೆ ಹತ್ತಕ್ಕೆ ಹೋದವರಿಗೆ ಅದೇ ಗೋಡೆ ನೆರಳಿನಲ್ಲಿ ಸಪ್ಪೆಯಾಗಿ ಕಂಡರೆ ಅದು ಹಳೇಬೀಡಿನ ತಪ್ಪಲ್ಲ.

ಅರ್ಧ ದಿನವಿರುವವರಿಗೆ ನಾನು ಕೊಡುವ ಸಲಹೆ ಇದು. ಜೊತೆಯಲ್ಲಿ ದೇವರ ದರ್ಶನ ಬಯಸುವ ಹಿರಿಯರಿದ್ದರೆ ಬೇಲೂರು. ನಿಧಾನವಾಗಿ ನೋಡುವವರು, ಮಕ್ಕಳನ್ನು ಸ್ವಲ್ಪ ಓಡಾಡಲು ಬಿಡಬೇಕೆನ್ನುವವರು, ಜನಜಂಗುಳಿಯಿಂದ ದಣಿಯುವವರು ಇದ್ದರೆ ಹಳೇಬೀಡು. ಹಾಸನಕ್ಕೆ ಮರಳಬೇಕಾದವರಿಗೂ ಹಳೇಬೀಡೇ ವಾಸಿ. ಹೋಗಿಬರುವ ದೂರ ಇಪ್ಪತ್ತು ಕಿ.ಮೀ.ಯಷ್ಟು ಕಡಿಮೆಯಾಗುತ್ತದೆ. ಆದರೆ ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರವೊಂದನ್ನೇ ನೋಡಿ ಕಾರು ಹತ್ತಬಾರದು. ಹತ್ತಿರದಲ್ಲೇ ಇರುವ ಬಸ್ತಿಹಳ್ಳಿಯ ಜೈನ ಬಸದಿಗಳಲ್ಲಿ, 1133ರ ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನಯವಾಗಿ ಉಜ್ಜಿದ್ದಾರೆಂದರೆ ಎದುರು ನಿಂತವರ ಬಿಂಬ ಅದರಲ್ಲಿ ಮಸುಕಾಗಿ ಮೂಡುತ್ತದೆ. ಅಲ್ಲಿಗೆ ಬರುವವರು ಬಹಳ ಕಡಿಮೆ. ಆ ಕಂಬದ ಮೇಲೆ ಅಂಗೈಯಿಟ್ಟು, ನಡುಬೇಸಿಗೆಯಲ್ಲೂ ಆರದ ಅದರ ತಂಪನ್ನು ಅನುಭವಿಸಿದವರು ಹಳೇಬೀಡನ್ನು ಮರೆಯುವುದಿಲ್ಲ.

ಎರಡೂ ಕಡೆ ಚಪ್ಪಲಿ ಬಿಡಬೇಕು. ಫೆಬ್ರವರಿಯಿಂದ ಮೇ ತನಕ ಹನ್ನೊಂದು ಗಂಟೆಯ ನಂತರ ಬೇಲೂರಿನ ಕಲ್ಲುಹಾಸಿನ ಅಂಗಳದಲ್ಲಿ ಕಾಲಿಡಲಾಗುವುದಿಲ್ಲ. ದಪ್ಪನೆಯ ಕಾಲುಚೀಲ ಒಂದು ಜೊತೆ ಚೀಲದಲ್ಲಿರಲಿ.

ಶಿರಾಡಿ ಇಳಿಯುವವರಿಗೆ ದೊಡ್ಡಗದ್ದವಳ್ಳಿ

ಹಾಸನದಲ್ಲಿ ಅರ್ಧ ದಿನವಿದ್ದು, ಸಂಜೆಯೊಳಗೆ ಘಾಟಿ ಇಳಿಯಬೇಕಾದವರಿಗೆ ನನ್ನ ಮೊದಲ ಆಯ್ಕೆ ಬೇಲೂರೂ ಅಲ್ಲ, ಹಳೇಬೀಡೂ ಅಲ್ಲ. ಬೇಲೂರು ರಸ್ತೆಯಲ್ಲಿ ಹೋಗಿ, ಸ್ವಲ್ಪ ಒಳಕ್ಕೆ ತಿರುಗಿದರೆ ಹಾಸನದಿಂದ ಸುಮಾರು 20 ಕಿ.ಮೀ.ಯೊಳಗೆ ಸಿಗುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ. ಬೇಲೂರಿನ ಗುಡಿಗಿಂತ ಮೂರ್ನಾಲ್ಕು ವರ್ಷ ಮೊದಲೇ, ಅದೇ ವಿಷ್ಣುವರ್ಧನನ ಕಾಲದಲ್ಲಿ ಕಟ್ಟಿದ್ದಿದು. ಕಟ್ಟಿಸಿದವರು ರಾಜರಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿಗಳಿರುವ ಚತುಷ್ಕೂಟ ಹೊಯ್ಸಳ ವಾಸ್ತುವಿನಲ್ಲಿ ಬಲು ಅಪರೂಪ. ಬೇಲೂರಿನಲ್ಲಿ ಕಾಣಸಿಗದ ಒಂದು ಸಂಗತಿಯನ್ನು ಇಲ್ಲಿ ನೋಡಬಹುದು: ಅಲ್ಲಿನ ಶಿಖರ ಉಳಿದಿಲ್ಲ, ಇಲ್ಲಿ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬರ ಸರಳ ರೀತಿಯಲ್ಲಿ ಇಂದಿಗೂ ನಿಂತಿವೆ. ಕಾಳಿಯ ಗುಡಿಯ ಬಾಗಿಲಿನ ಎರಡು ಪಕ್ಕದಲ್ಲೂ ಎಲುಬಿನ ಗೂಡಾಗಿ ನಿಂತ ಬೇತಾಳಗಳಿವೆ. ಒಳಗಿನ ಕತ್ತಲಿಗೆ ಕಣ್ಣು ಹೊಂದಿಕೊಳ್ಳುವಷ್ಟು ಹೊತ್ತು ಸುಮ್ಮನೆ ನಿಂತರೆ ಮೊದಲು ಪಕ್ಕೆಲುಬುಗಳು, ಆಮೇಲೆ ತೆರೆದ ಬಾಯಿ ಕಾಣಿಸುತ್ತದೆ. ಟಾರ್ಚ್ ಹಾಕುವ ಆತುರ ಬೇಡ.

ಗುಡಿಯ ಪಕ್ಕದಲ್ಲಿ ಕೆರೆ, ಸುತ್ತ ತೆಂಗಿನ ತೋಟ. ಹೋಗಿ, ನೋಡಿ, ಹಾಸನಕ್ಕೆ ಮರಳಲು ಎರಡೂವರೆ ಗಂಟೆ ಧಾರಾಳವಾಗಿ ಸಾಕು. ಹತ್ತಕ್ಕೆ ಹೊರಟವರು ಹನ್ನೆರಡೂವರೆಗೆ ಊರಿನಲ್ಲಿ ಊಟಕ್ಕೆ ಕುಳಿತಿರುತ್ತಾರೆ. ಅಲ್ಲಿ ಹೋಟೆಲು, ಅಂಗಡಿಗಳ ಅನುಕೂಲವನ್ನು ನಿರೀಕ್ಷಿಸದೆ ನೀರು, ಮಕ್ಕಳಿಗೆ ತಿನ್ನಲು ಏನಾದರೂ ಹಾಸನದಿಂದಲೇ ಕೊಂಡೊಯ್ಯಬೇಕು.

ಹೊಳೆನರಸೀಪುರ ರಸ್ತೆಯ ಕಡೆಗಿರುವ ಮೊಸಳೆ ಎಂಬ ಊರು ಇನ್ನೂ ಹತ್ತಿರ. ನಾಗೇಶ್ವರ, ಚೆನ್ನಕೇಶವ ಎಂಬ ಅವಳಿ ಗುಡಿಗಳು ಕೆಲವೇ ಅಡಿಗಳ ಅಂತರದಲ್ಲಿ, ಒಂದರ ಪಡಿಯಚ್ಚಿನಂತೆ ಇನ್ನೊಂದು ನಿಂತಿವೆ. ಎರಡು ಗಂಟೆಗಿಂತ ಕಡಿಮೆ ಬಿಡುವಿದ್ದವರಿಗೆ, ಮೈಸೂರಿನ ಕಡೆಯಿಂದ ಬರುವವರಿಗೆ ಇದು ತಕ್ಕದ್ದು.

ಶಿರಾಡಿಯವರಿಗೆ ಇನ್ನೊಂದು ಆಯ್ಕೆಯಿದೆ, ಅದಕ್ಕೆ ದಾರಿಯನ್ನೇ ಬಿಡಬೇಕಾಗಿಲ್ಲ. ಸಕಲೇಶಪುರ ದಾಟಿ ಐದಾರು ಕಿ.ಮೀ. ಹೋದರೆ ಹೆದ್ದಾರಿಯ ಮಗ್ಗುಲಲ್ಲೇ ಟಿಪ್ಪು ಸುಲ್ತಾನ್ 1792ರಲ್ಲಿ ಪೂರ್ಣಗೊಳಿಸಿದ, ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಸಿಗುತ್ತದೆ. ಹತ್ತಲು ಸುಮಾರು 250 ಮೆಟ್ಟಿಲು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಇದಕ್ಕೆ ಒಂದು ಗಂಟೆ ಕೊಡಬಹುದು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಮಂಜು ಕವಿದರೆ ಕೋಟೆಯ ಆಕಾರವೂ ಕಾಣಿಸುವುದಿಲ್ಲ.

ಶ್ರವಣಬೆಳಗೊಳ, ಶೆಟ್ಟಿಹಳ್ಳಿ

ಶ್ರವಣಬೆಳಗೊಳವನ್ನು ಹಾಸನಕ್ಕೆ ಬಂದ ಮೇಲೆ ಯೋಚಿಸಬಾರದು. ಅದು ಬೆಂಗಳೂರಿನ ಕಡೆಗೆ 50 ಕಿ.ಮೀ. ಹಿಂದಿದೆ, ನೋಡುವುದಾದರೆ ಬರುವಾಗಲೇ ಹಿರೀಸಾವೆ ಅಥವಾ ಚನ್ನರಾಯಪಟ್ಟಣದ ಬಳಿ ಹೆದ್ದಾರಿ ಬಿಟ್ಟು ನೋಡಿಕೊಂಡು ಬರಬೇಕು. ಗಂಗರ ಮಂತ್ರಿ ಚಾವುಂಡರಾಯನು 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟನ ಪಾದದ ಬಳಿ ಹೋಗಲು ಬಂಡೆಯಲ್ಲೇ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಬೆಳಿಗ್ಗೆ ಎಂಟರೊಳಗೆ ಹತ್ತಲು ಶುರುಮಾಡಿದರೆ ಸುಖ. ಹತ್ತರ ಮೇಲೆ ಬಂಡೆ ಕಾಯುತ್ತದೆ. ಇದನ್ನು ನೋಡಿದ ದಿನ ಹಾಸನದಲ್ಲಿ ಬೇರೇನನ್ನೂ ಸೇರಿಸಿಕೊಳ್ಳಬೇಡಿ, ವಿಶೇಷವಾಗಿ ಕಾರು ನಡೆಸುವವರೂ ಬೆಟ್ಟ ಹತ್ತಿದ್ದರೆ.

ಶೆಟ್ಟಿಹಳ್ಳಿಯ ಪಾಳು ಚರ್ಚು ಕೊಡಗಿನ ಕಡೆ ಹೊರಟವರಿಗೆ ಅನುಕೂಲ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಈ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಪೂರ್ತಿ ಹೊರಬರುತ್ತದೆ. ಚಿತ್ರಗಳಲ್ಲಿ ಎಲ್ಲರೂ ನೋಡಿರುವ, ನೀರಿನ ನಡುವೆ ನಿಂತ ಚರ್ಚನ್ನೇ ಕಾಣಬೇಕೆಂದರೆ ಆಗಸ್ಟಿನ ನಂತರ, ಜಲಾಶಯ ತುಂಬಿರುವಾಗ ಹೋಗಬೇಕು. ಬೇಸಿಗೆಯಲ್ಲಿ ಒಳಗೆ ನಡೆದಾಡಬಹುದಾದರೂ ನೀರು ಕುಡಿದು ಸಡಿಲವಾದ ಗೋಡೆಗಳವು. ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ, ಮಕ್ಕಳನ್ನು ಹತ್ತಲು ಬಿಡಬೇಡಿ.

ಊರಿನಲ್ಲೇ ಉಳಿಯುವುದು

ಎಲ್ಲಿಗೂ ಹೋಗದೆ ಹಾಸನ ಪಟ್ಟಣದಲ್ಲೇ ಮೂರು ಗಂಟೆ ಕಳೆಯುವುದನ್ನು ಜನ ಸಮಯ ಹಾಳು ಎಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಕಾರು ನಡೆಸುವವರು ಒಬ್ಬರೇ ಆಗಿದ್ದರೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದವರಾಗಿದ್ದರೆ, ಘಾಟಿಗೆ ಮುನ್ನ ಅವರಿಗೆ ಬೇಕಾದದ್ದು ಒಂದು ಗಂಟೆಯ ನಿದ್ದೆ. ಉಳಿದವರು ಮಹಾರಾಜ ಪಾರ್ಕಿನ ಮರಗಳ ನೆರಳಿನಲ್ಲಿ ಕೂರಬಹುದು, ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಬಹುದು. ಊರಿಗೆ ಹೆಸರು ಕೊಟ್ಟ ಹಾಸನಾಂಬೆಯ ಗುಡಿ ಮಾತ್ರ ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರದಿಂದ ಬಲಿಪಾಡ್ಯಮಿಯ ಆಸುಪಾಸಿನವರೆಗೆ ತೆರೆಯುತ್ತದೆ. ಆ ದಿನಗಳಲ್ಲಿ ದರ್ಶನದ ಸಾಲು ಗಂಟೆಗಟ್ಟಲೆ ಇರುತ್ತದೆ, ಲಾಡ್ಜುಗಳು ಭರ್ತಿಯಾಗಿರುತ್ತವೆ. ದರ್ಶನಕ್ಕೆಂದೇ ಬಂದವರಲ್ಲದಿದ್ದರೆ ಊರೊಳಗೆ ಬಾರದೆ ಬೈಪಾಸಿನಲ್ಲೇ ಮುಂದೆ ಸಾಗಿ.

ಊರಿನಲ್ಲಿ ಉಳಿದವರು ಕಾಫಿಪುಡಿ ಕೊಳ್ಳದೆ ಹೊರಡಬಾರದು. ಬೀಜವನ್ನು ಕಣ್ಣೆದುರೇ ಬೀಸಿಕೊಡುವ ಅಂಗಡಿಗಳು ಇಲ್ಲಿ ಇನ್ನೂ ಇವೆ. "ಚಿಕೋರಿ ಎಷ್ಟು ಹಾಕ್ಲಿ ಸಾರ್?" ಎಂದು ಅಂಗಡಿಯವರು ಕೇಳುತ್ತಾರೆ, ಶುದ್ಧ ಕಾಫಿ ಬೇಕೆನ್ನುವವರಿದ್ದಾರೆ, ಗಟ್ಟಿ ಡಿಕಾಕ್ಷನ್ ಬೇಕೆಂದು ಕಾಲು ಭಾಗ ಚಿಕೋರಿ ಹಾಕಿಸುವವರಿದ್ದಾರೆ. ಬೀಸಿದ ಪುಡಿಯ ಪೊಟ್ಟಣ ಕೈಗೆ ಬಂದಾಗ ಇನ್ನೂ ಬೆಚ್ಚಗಿರುತ್ತದೆ, ಊರು ಬಿಟ್ಟು ಎಷ್ಟೋ ದೂರ ಹೋದ ಮೇಲೂ ಕಾರಿನ ತುಂಬ ಅದರದೇ ಘಮ. ಊಟಕ್ಕೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಸಿಕ್ಕಿದರೆ ಬಿಡಬೇಡಿ. ಘಾಟಿಯಲ್ಲಿ ಹೊಟ್ಟೆ ತೊಳಸುವ ಸ್ವಭಾವದವರು ಮಾತ್ರ ಅರ್ಧಹೊಟ್ಟೆ ಉಂಡು ಏಳುವುದು ಒಳ್ಳೆಯದು.

ಹೊರಡುವ ಹೊತ್ತು

ಯಾವುದನ್ನೇ ಆರಿಸಿಕೊಂಡರೂ ಹಾಸನ ಬಿಡುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು, ಅದರಿಂದ ಹಿಂದಕ್ಕೆ ಎಣಿಸಬೇಕು. ಸಕಲೇಶಪುರ ಇಲ್ಲಿಂದ 40 ಕಿ.ಮೀ.; ಡಿಸೆಂಬರಿನಲ್ಲಿ ಆರು ಗಂಟೆಗೇ ಕತ್ತಲಾಗುತ್ತದೆ, ಜೂನ್-ಜುಲೈಯಲ್ಲಿ ಸೂರ್ಯ ತಡವಾಗಿ ಮುಳುಗಿದರೂ ಮೋಡ, ಮಂಜುಗಳಿಂದ ಘಾಟಿಯಲ್ಲಿ ಐದಕ್ಕೇ ಮಬ್ಬು ಕವಿಯುತ್ತದೆ. ಆದ್ದರಿಂದ ಎರಡೂವರೆಗೆ, ತಡವೆಂದರೆ ಮೂರಕ್ಕೆ ಹೊರಡಬೇಕು. ಹೊರಡುವ ಮುನ್ನ ಟೈರಿನ ಗಾಳಿ, ಸ್ಟೆಪ್ನಿಯ ಗಾಳಿ, ವೈಪರ್ ರಬ್ಬರು, ಬ್ರೇಕುಗಳನ್ನು ಇಲ್ಲೇ ಪರೀಕ್ಷಿಸಿಕೊಂಡು, ಪೆಟ್ರೋಲನ್ನೂ ಇಲ್ಲೇ ತುಂಬಿಸಿಕೊಳ್ಳಿ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡಿರದೆ ಎರಡನೆಯ, ಮೂರನೆಯ ಗೇರಿನಲ್ಲಿ ಇಳಿಯಬೇಕು. ಸತತವಾಗಿ ಒತ್ತಿದ ಬ್ರೇಕು ಕಾದು, ಬೇಕಾದಾಗ ಹಿಡಿಯದೆ ಹೋಗುತ್ತದೆ.

ಮಳೆಗಾಲದಲ್ಲಿ ದೋಣಿಗಾಲ್, ದೊಡ್ಡತಪ್ಪಲೆಯ ಆಸುಪಾಸಿನಲ್ಲಿ ಗುಡ್ಡ ಕುಸಿದು ಶಿರಾಡಿಯ ಸಂಚಾರ ನಿಲ್ಲುವುದು ಹೊಸತೇನಲ್ಲ. ಊಟಕ್ಕೆ ಕುಳಿತಾಗಲೇ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ಚಾರ್ಮಾಡಿಯ ದಾರಿ ಹಿಡಿಯಬೇಕಾಗುತ್ತದೆ. ಆಗ ಬೇಲೂರು ತಾನಾಗಿಯೇ ದಾರಿಯಲ್ಲಿ ಸಿಗುತ್ತದೆ, ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆಯೂ ಸಿಗುತ್ತದೆ. ರಸ್ತೆ ತೆರೆದಿದ್ದೂ ಸಕಲೇಶಪುರ ಮುಟ್ಟುವಾಗ ಐದು ದಾಟಿದ್ದರೆ ಅಲ್ಲೇ ಒಂದು ಕೋಣೆ ಹಿಡಿದು ಉಳಿದುಕೊಂಡು, ಬೆಳಿಗ್ಗೆ ಏಳಕ್ಕೆ ಘಾಟಿ ಇಳಿಯಿರಿ. ಕಳೆದ ಸಲ ಧರ್ಮಸ್ಥಳಕ್ಕೆ ಹೊರಟಾಗ ಅಕ್ಕ, ಭಾವ ಹಾಗೆಯೇ ಮಾಡಿದರು.